ಕೊಳದ ನೀರು ಹಸಿರಾಗುವುದೇಕೆ?

ಪ್ರಶ್ನೆ: ಸಕಲೇಶಪುರದ ಬಳಿ ತೋಟದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ವಾರಾಂತ್ಯಕ್ಕೆ ಅತಿಥಿಗಳು ಬರುವಷ್ಟರಲ್ಲಿ ಈಜುಕೊಳದ ನೀರು ಹಸಿರಾಗಿರುತ್ತದೆ. ಪ್ರತಿ ಸಲ ಖಾಲಿ ಮಾಡಿ ತುಂಬಿಸಬೇಕೇ?

ಉತ್ತರ: ಬೇಡ. ಆ ಹಸಿರು ಪಾಚಿಯದು. ನೀರು ನಿಂತಲ್ಲೇ ನಿಂತು ಕ್ಲೋರಿನ್ ಇಳಿದಾಗ ಅದು ಹಬ್ಬುತ್ತದೆ. ಅತಿಥಿಗಳಿಲ್ಲದ ದಿನವೂ ಪಂಪನ್ನು 6ರಿಂದ 8 ಗಂಟೆ ಓಡಿಸಿ. ಸಿಲ್ವರ್ ಓಕ್ ಎಲೆಗಳನ್ನು ದಿನವೂ ಬಲೆಯಿಂದ ತೆಗೆಯಿರಿ. ಕೊಳೆತರೆ ಅವೇ ಕ್ಲೋರಿನ್ ನುಂಗುತ್ತವೆ. ಪರೀಕ್ಷಾ ಕಿಟ್‌ನಲ್ಲಿ ಪಿಎಚ್ 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ ತೋರಿಸಬೇಕು. ಪಿಎಚ್ ಏರಿದರೆ ಕ್ಲೋರಿನ್ ಕಸುವು ಕಳೆದುಕೊಳ್ಳುತ್ತದೆ. ಜೋರು ಮಳೆಯಾದ ಮೇಲೆ ಮತ್ತೆ ಅಳೆಯಿರಿ.

ಈಗಾಗಲೇ ಹಸಿರಾಗಿದ್ದರೆ ಗೋಡೆ, ತಳ ಉಜ್ಜಿ. ಬಿಸಿಲು ಇಳಿದ ಮೇಲೆ ಡಬ್ಬಿಯ ಮೇಲಿನ ಸೂಚನೆಯಂತೆ ಹೆಚ್ಚುವರಿ ಕ್ಲೋರಿನ್ ಹಾಕಿ, ರಾತ್ರಿಯಿಡೀ ಪಂಪ್ ನಡೆಸಿ, ಬೆಳಿಗ್ಗೆ ಫಿಲ್ಟರ್ ಬ್ಯಾಕ್‌ವಾಶ್ ಮಾಡಿ. ಇದನ್ನು ಬುಧವಾರವೇ ಶುರುಮಾಡಿದರೆ ಶನಿವಾರದ ಗಡಿಬಿಡಿ ತಪ್ಪುತ್ತದೆ. ಆಸಿಡ್ ಮತ್ತು ಕ್ಲೋರಿನ್ ಎರಡನ್ನೂ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಕೊನೆಯದಾಗಿ, ತಳ ಕಾಣದ ಕೊಳಕ್ಕೆ ಯಾರನ್ನೂ ಇಳಿಸಬೇಡಿ. ಅಂಥ ನೀರಿನಲ್ಲಿ ಮುಳುಗುತ್ತಿರುವ ಮಗುವೂ ಕಾಣುವುದಿಲ್ಲ.