ಪದವಿನ ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿಕೊಂಡಾಗ, ಹಳೆಯ ನೆನಪುಗಳನ್ನು ಬರೆದು ಕೊಡುವುದು ಸುಲಭವೆಂದು ತೋರಿತು. ಆದರೆ ನಾನು ಮಕ್ಕಳಿಗೆ ತಪ್ಪಾಗಿ ಕಲಿಸಿದ ಒಂದು ಪಾಠವಿದೆ. ಅದನ್ನು ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ದೊರೆಯಲಾರದು. ಅದು ನಮ್ಮ ಶಾಲೆಯ ಹಿಂದಿನ ಪದವಿನ ಪಾಠ.

1986ರ ವನಮಹೋತ್ಸವವು ಅಂದಿನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ‘ಈ ಬರಡು ನೆಲವನ್ನು ಹಸುರಾಗಿಸೋಣ’ ಎಂದು ನಾನು ಭಾಷಣ ಮಾಡಿದೆ. ಮಕ್ಕಳು ಹಾರೆ ಹಿಡಿದು ಮುರಕಲ್ಲಿನಲ್ಲಿ ಕಷ್ಟಪಟ್ಟು ಹೊಂಡ ತೋಡಿದರು. ಸುಮಾರು ಇನ್ನೂರು ಅಕೇಶಿಯ ಸಸಿಗಳನ್ನು ನೆಟ್ಟೆವು. ಗಿಡಗಳು ಬೇಗನೆ ಬೆಳೆದವು, ನಾನು ಹೆಮ್ಮೆಪಟ್ಟೆ.

ನಿವೃತ್ತನಾದ ಎರಡು ವರ್ಷಗಳ ಬಳಿಕ, 2008ರಲ್ಲಿ, ಊರಿನ ನಿಸರ್ಗಾಸಕ್ತರ ಬಳಗವೊಂದನ್ನು ಸೇರಿಕೊಂಡೆ. ಭಾನುವಾರಗಳಂದು ಮಕ್ಕಳನ್ನು ಗುಡ್ಡ, ತೋಡು, ಗದ್ದೆಗಳಿಗೆ ಕರೆದೊಯ್ದು ತೋರಿಸುವುದು, ಹಕ್ಕಿಗಳನ್ನು ಎಣಿಸಿ ಬರೆದಿಡುವುದು, ಶಾಲೆಗಳಲ್ಲಿ ಮಾತನಾಡುವುದು ಬಳಗದ ಕೆಲಸ. ಮೊದಲ ನಡಿಗೆ ನಮ್ಮ ಪದವಿಗೇ ಆಗಿತ್ತು. ಬಳಗದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಕೇಶಿಯದ ನೆರಳಿನಲ್ಲಿ ನಿಂತು, ‘ಸರ್, ಇಲ್ಲಿ ಮೊದಲು ಟಿಟ್ಟಿಭ ಮೊಟ್ಟೆಯಿಡುತ್ತಿತ್ತು, ನೆನಪಿದೆಯೇ?’ ಎಂದು ಕೇಳಿದನು. ನನಗೆ ಉತ್ತರ ಹೊಳೆಯಲಿಲ್ಲ. ನಾಲ್ಕು ದಶಕಗಳ ಕಾಲ ಪ್ರಶ್ನೆ ಕೇಳಿದವನು ಅಂದು ಉತ್ತರ ತಿಳಿಯದ ವಿದ್ಯಾರ್ಥಿಯಾದೆ.

ಪದವು ಎಂದರೇನು? ಹೆಚ್ಚು ಮಳೆ ಮತ್ತು ಬಿಸಿಲುಗಳ ನಡುವೆ ಶಿಲೆಯು ಬಹುಕಾಲ ಶಿಥಿಲಗೊಂಡು, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಗಟ್ಟಿಯಾದುದೇ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 1807ರಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಂತಹ ಕಲ್ಲಿನ ಸಮತಟ್ಟಾದ ನೆತ್ತಿಯೇ ಪದವು. ಬೇಸಗೆಯಲ್ಲಿ ಕಾದ ಕಾವಲಿ, ಮಳೆಗಾಲದಲ್ಲಿ ಹೂದೋಟ.

ಆಟಿ ಕಳೆದು ಸೋಣ ಬರುವಾಗ ನೋಡಬೇಕು. ಅಂಗುಲದಷ್ಟೇ ಮಣ್ಣಿರುವಲ್ಲಿ ಬಿಳಿಯ ಗುಂಡಿಗಳಂತಹ ಎರಿಯೋಕಾಲಾನ್ ಹೂಗಳು, ಅವುಗಳ ನಡುವೆ ಮಲಯಾಳಿಗಳು ಓಣಂ ಹೂರಂಗೋಲಿಗೆ ಕೊಯ್ಯುವ ನೀಲಿಯ ‘ಕಾಕ್ಕಪ್ಪೂವು’. ಈ ನೀಲಿ ಹೂವಿನ ಗಿಡವು ಕೀಟಭಕ್ಷಿ. ನೆಲದಲ್ಲಿ ಪೋಷಕಾಂಶ ಸಾಲದ್ದರಿಂದ, ಒದ್ದೆ ಮಣ್ಣಿನೊಳಗಿರುವ ಕಿರುಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹಿಡಿದು ಅದು ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಡ್ರೋಸೆರ ಗಿಡವು ಎಲೆಯ ಅಂಟಿನಿಂದ ಅದೇ ಕೆಲಸವನ್ನು ಮಾಡುತ್ತದೆ. ಟಿಟ್ಟಿಭ ಹಕ್ಕಿಯು ಬಯಲಿನ ಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಕಪ್ಪು ಮಚ್ಚೆಯ ಆ ಮೊಟ್ಟೆಗಳನ್ನು ಕಲ್ಲಿನಿಂದ ಬೇರ್ಪಡಿಸಿ ನೋಡಲು ತೀಕ್ಷ್ಣವಾದ ಕಣ್ಣು ಬೇಕು. ಇವೆಲ್ಲಕ್ಕೂ ಬೇಕಾದುದು ತೆರೆದ ಆಕಾಶ. ನಾವು ನೆಟ್ಟ ಅಕೇಶಿಯ ಆಸ್ಟ್ರೇಲಿಯ, ನ್ಯೂಗಿನಿಗಳ ಕಡೆಯ ಮರ. ಅದರ ಉದುರಿದ ಎಲೆ ಬೇಗನೆ ಕೊಳೆಯದೆ ದಪ್ಪ ಹಾಸಾಗುತ್ತದೆ. ನೆರಳು ಮತ್ತು ಹಾಸುಗಳ ಅಡಿಯಲ್ಲಿ ಆ ಕಿರುಹೂಗಳು ಬದುಕಲಾರವು. ಬರಡೆಂದು ನಾನು ಕರೆದುದು ಬರಡಾಗಿರಲಿಲ್ಲ. ನನ್ನ ನೋಟ ಬರಡಾಗಿತ್ತು.

ಪದವಿನ ಇನ್ನೊಂದು ಉಪಕಾರ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಬೇಸಗೆಯಲ್ಲಿ ಬಾವಿ ಬತ್ತುವುದುಂಟು. ಪದವಿನ ಪಳ್ಳಗಳಲ್ಲಿ ನಿಂತು, ಕಲ್ಲಿನ ರಂಧ್ರಗಳಲ್ಲಿ ಇಳಿದ ನೀರು ಗುಡ್ಡದ ಬದಿಯ ಸುರಂಗಗಳಲ್ಲಿ ಒಸರುತ್ತದೆ. ಆಳೆತ್ತರದ ಆ ಅಡ್ಡ ಬಾವಿಗಳನ್ನು ಹಿರಿಯರು ಪಿಕಾಸಿಯಿಂದ ಕೊರೆದರು. ಇಂದಿಗೂ ಪಂಪಿಲ್ಲದೆ ನೀರು ಹರಿದುಬರುವ ಮನೆಗಳು ನಮ್ಮಲ್ಲಿವೆ. ಪದವನ್ನು ಕಲ್ಲುಕೋರೆಯಾಗಿಸಿದರೆ ಕೆಳಗಿನ ತೋಟಕ್ಕೆ ಏನಾದೀತೆಂದು ಓದುಗರೇ ಊಹಿಸಬಹುದು.

ಇದು ಬಿಡುವಿರುವವರ ಹವ್ಯಾಸವೆಂದು ಯಾರೂ ತಿಳಿಯಬಾರದು. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ನಮ್ಮದು. 2000ದಲ್ಲಿ ಆ ಸಿಂಪಡಣೆ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆದದ್ದು ಊರಿನ ರೈತರು, ವೈದ್ಯರು, ಪತ್ರಕರ್ತರು ಕಣ್ಣಾರೆ ಕಂಡುದನ್ನು ಬರೆದು, ಹೇಳಿ, ಬಿಡದೆ ನಿಂತುದರಿಂದ. ನೋಡಲು ಕಲಿತವರು ಊರಿಗೆ ಕಾವಲುಗಾರರು.

2023ರಲ್ಲಿ ಕಾಸರಗೋಡು ಜಿಲ್ಲೆಯು ತನ್ನದೇ ಆದ ಮರ, ಹೂ, ಹಕ್ಕಿಗಳನ್ನು ಘೋಷಿಸಿಕೊಂಡಿತು. ಹಕ್ಕಿ, ಬಿಳಿಹೊಟ್ಟೆಯ ಕಡಲ ಹದ್ದು. ಹೂ, ಪೆರಿಯದ ಕಡೆಯ ತೋಡುಗಳಲ್ಲಿ ಕಂಡು 2012ರಲ್ಲಿ ಹೊಸ ಪ್ರಭೇದವೆಂದು ಹೆಸರು ಪಡೆದ ಕ್ರೈನಮ್ ಮಲಬಾರಿಕಮ್. ಮರ, ಕಾಸರಕ. ಊರಿನ ಹೆಸರೇ ಈ ಮರದಿಂದ ಬಂದಿತೆಂದು ಹಲವರು ಹೇಳುತ್ತಾರೆ. ಆದರೆ ಆ ವರ್ಷ ನಾನು ಭೇಟಿಕೊಟ್ಟ ಒಂದು ತರಗತಿಯಲ್ಲಿ ಕಾಸರಕವನ್ನು ಗುರುತಿಸಿದ ಮಗು ಒಂದೂ ಇರಲಿಲ್ಲ. ಗಡಿನಾಡಿನ ನಾವು ಭಾಷೆ ಉಳಿಯಬೇಕೆಂದು ಸಭೆ ಸೇರುತ್ತೇವೆ. ಕುಂಟಾಲ, ಕೇಪುಳ, ಪಳ್ಳ, ಮದಕ ಎಂಬ ಮಾತುಗಳು ಯಾವ ಪಠ್ಯಪುಸ್ತಕದಿಂದಲೂ ಉಳಿಯವು. ಆ ಗಿಡ, ಆ ನೀರು ಉಳಿದರೆ ಮಾತ್ರ ಉಳಿದಾವು. ಹೆಸರು ಮರೆತ ಗಿಡವನ್ನು ಕಡಿಯಲು ಯಾರಿಗೂ ನೋವಾಗದು.

ಆದುದರಿಂದ ಹೆತ್ತವರಲ್ಲಿ ಮೂರು ವಿನಂತಿಗಳು. ಮಗುವಿಗೆ ಒಂದು ಪುಸ್ತಕ ಕೊಟ್ಟು, ಮನೆಯ ಸುತ್ತಣ ಒಂದೇ ಮರವನ್ನು ವರ್ಷವಿಡೀ ನೋಡಿ, ಚಿಗುರು, ಹೂ, ಕಾಯಿಗಳ ದಿನಾಂಕ ಬರೆಯಿಸಿರಿ. ಅಜ್ಜ ಅಜ್ಜಿಯರನ್ನು ಕೇಳಿ ಗಿಡ, ಹಕ್ಕಿಗಳ ಹೆಸರುಗಳನ್ನು ಕನ್ನಡ, ತುಳು, ಮಲಯಾಳಗಳಲ್ಲಿ ಪಟ್ಟಿಮಾಡಿಸಿರಿ. ಗಿಡ ನೆಡುವ ಮೊದಲು, ಅಲ್ಲಿ ಈಗಾಗಲೇ ಏನಿದೆಯೆಂದು ಒಂದು ಮಳೆಗಾಲ ಕಾದು ನೋಡಿರಿ.

ಪದವಿನ ಅರ್ಧ ಭಾಗ ಇಂದಿಗೂ ತೆರೆದೇ ಇದೆ. ಉಳಿದರ್ಧದ ಅಕೇಶಿಯಗಳನ್ನು ಕ್ರಮವಾಗಿ ತೆಗೆಯಲು ಶಾಲೆಯ ಆಡಳಿತ ಮಂಡಳಿಯವರು ಒಪ್ಪಿದ್ದಾರೆ. ಮೊದಲು ತೆರವಾದ ಮೂಲೆಯಲ್ಲಿ ಕಳೆದ ಸೋಣದಲ್ಲಿ ಮಕ್ಕಳು ನೀಲಿ ಹೂಗಳನ್ನೆಣಿಸಿದರು: ಹದಿನೇಳು. 1986ರಲ್ಲಿ ನನ್ನ ಮಾತು ಕೇಳಿ ಹೊಂಡ ತೋಡಿದ ವಿದ್ಯಾರ್ಥಿಗಳೇ, ಈ ಬಾರಿ ಊರಿಗೆ ಬಂದಾಗ ಪದವಿಗೆ ಬನ್ನಿರಿ. ಹಳೆಯ ಮೇಷ್ಟರ ತಪ್ಪನ್ನು ಜೊತೆಯಾಗಿ ತಿದ್ದೋಣ.