ಹೆಪಟೈಟಿಸ್ ಸಿ: ಚೀಟಿ ಮುಚ್ಚಿಡಬೇಡಿ

ಕುರೆಕುಪ್ಪ, ತೋರಣಗಲ್ಲು ಕಡೆಯ ದುಡಿಯುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. ರಕ್ತದಾನಕ್ಕೋ ಆಪರೇಷನ್ನಿಗೋ ಹೋದಾಗ ‘ಹೆಪಟೈಟಿಸ್ ಸಿ ಪಾಸಿಟಿವ್’ ಎಂಬ ಚೀಟಿ ಕೈಗೆ ಬಂದರೆ ಎದೆಗುಂದಬೇಡಿ. ಅದನ್ನು ಮುಚ್ಚಿಡಲೂ ಬೇಡಿ. ಆ ಚೀಟಿ ಹೇಳುವುದು ವೈರಸ್ ಎಂದೋ ಮೈಹೊಕ್ಕಿತ್ತು ಎಂದಷ್ಟೇ. ಈಗಲೂ ಇದೆಯೇ ಎಂದು ತಿಳಿಯಲು ರಕ್ತದಲ್ಲಿ ವೈರಸ್ ಹುಡುಕುವ ಆರ್‌ಎನ್‌ಎ ಪರೀಕ್ಷೆ ಆಗಲೇಬೇಕು.

ಈ ಕಾಯಿಲೆ ವರ್ಷಗಟ್ಟಲೆ ನೋವಿಲ್ಲದೆ ಲಿವರನ್ನು ತಿನ್ನುತ್ತದೆ. ಕಣ್ಣು ಹಳದಿಯಾಗುವ ತನಕ, ಹೊಟ್ಟೆಯಲ್ಲಿ ನೀರು ತುಂಬುವ ತನಕ ಕಾಯುವವರನ್ನು ಕಂಡರೆ ಸಂಕಟವಾಗುತ್ತದೆ. ಯಾಕೆಂದರೆ ಇದು ವಾಸಿಯಾಗುವ ಕಾಯಿಲೆ! ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಮಾತ್ರೆ, ಸಾಮಾನ್ಯವಾಗಿ 12 ವಾರ; ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಮಾತ್ರೆಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ನುಂಗುತ್ತಿರುವ ಬೇರೆ ಔಷಧಿಗಳನ್ನೆಲ್ಲ ಡಾಕ್ಟರಿಗೆ ಹೇಳಿ. ಮಾತ್ರೆ ಮುಗಿದ 12 ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಕಾಮಾಲೆಯ ನಾಟಿ ಮದ್ದಿನಿಂದ ಈ ವೈರಸ್ ಹೋಗದು. ಸಾರಾಯಿ ಮುಟ್ಟಲೇಬೇಡಿ.

ಒಂದೇ ತಾಟಿನಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಇದು ಹರಡದು. ಹರಡುವುದು ರಕ್ತದಿಂದ. ಲಸಿಕೆ ಇಲ್ಲ, ಗುಣವಾದವರಿಗೂ ಮತ್ತೆ ಅಂಟಬಹುದು. ಜಾತ್ರೆಯಲ್ಲಿ ಹಚ್ಚೆ ಹಾಕಿಸುವಾಗ ಹೊಸ ಸೂಜಿ, ಕ್ಷೌರಕ್ಕೆ ಹೊಸ ಬ್ಲೇಡು, ಇಂಜೆಕ್ಷನ್ನಿಗೆ ಕಣ್ಣೆದುರೇ ಪ್ಯಾಕೆಟ್ ಒಡೆದು ತೆಗೆದ ಸಿರಿಂಜು ಕೇಳಿ ಪಡೆಯಿರಿ. ಪಾಸಿಟಿವ್ ಚೀಟಿ ಮನೆಯಲ್ಲಿದ್ದರೆ ಈ ವಾರವೇ ಸಂಡೂರಿನ ಸರ್ಕಾರಿ ಆಸ್ಪತ್ರೆಗೋ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹೋಗಿ ವಿಚಾರಿಸಿ.