ಮನೆಯಲ್ಲಿ ಕಲಿಯುವ ಮಗುವಿಗೆ ಪಾಠಕ್ರಮವನ್ನು ಆರಿಸುವ ವಿಷಯ

ಓದತಕ್ಕ ಭಾಗ: ಧರ್ಮೋಪದೇಶಕಾಂಡ 6ನೆಯ ಅಧ್ಯಾಯ, 4ರಿಂದ 9ನೆಯ ವಚನಗಳ ವರೆಗೆ.

ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸುವ ಭಾರವು ಅಲ್ಲಿ ಯಾಜಕರ ಮೇಲಲ್ಲ, ಮನೆಯವರ ಮೇಲೆಯೇ ಹೊರಿಸಲ್ಪಟ್ಟಿದೆ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕ ಕ್ರೈಸ್ತ ಕುಟುಂಬಗಳು ಈ ಭಾಗವನ್ನೇ ಆಧಾರವಾಗಿಟ್ಟುಕೊಂಡು, ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿ ಓದಿಸುವದುಂಟು. ಉದ್ಯೋಗನಿಮಿತ್ತ ಆ ದೇಶಕ್ಕೆ ಹೋದ ನಮ್ಮ ಕನ್ನಡ ಕುಟುಂಬಗಳೊಳಗೂ ಕೆಲವರು, ನೆರೆಯವರನ್ನು ನೋಡಿ, ನಾವೂ ಹಾಗೆಯೇ ಮಾಡೋಣವೋ, ಮಾಡಿದರೆ ಯಾವ ಪುಸ್ತಕಗಳನ್ನು ಕೊಳ್ಳೋಣ ಎಂದು ಯೋಚಿಸುತ್ತಾರೆ. ಊರಲ್ಲಿರುವ ಅಜ್ಜ ಅಜ್ಜಿಯರಿಗೂ ಈ ಸಂಗತಿ ತಿಳಿದಿರುವದು ಒಳ್ಳೇದು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಆ ವಚನಗಳು ದೇವರನ್ನು ಪ್ರೀತಿಸುವದನ್ನು ಕಲಿಸಿರೆಂದು ಹೇಳುತ್ತವೆ, ಭಾಗಾಕಾರವನ್ನು ಹೇಗೆ ಕಲಿಸಬೇಕೆಂದು ಹೇಳುವದಿಲ್ಲ. ಅದಕ್ಕೆ ನಮ್ಮ ಬುದ್ಧಿಯನ್ನೇ ಉಪಯೋಗಿಸಬೇಕು.

ಎಲ್ಲಕ್ಕಿಂತ ಮುಂಚೆ ತಾವು ವಾಸಿಸುವ ಸಂಸ್ಥಾನದ ಕಾಯಿದೆಯನ್ನು ತಿಳಿದುಕೊಳ್ಳತಕ್ಕದ್ದು. ಮನೆಪಾಠವು ಆ ದೇಶದ 50 ಸಂಸ್ಥಾನಗಳಲ್ಲಿಯೂ ನ್ಯಾಯಸಮ್ಮತವಾಗಿದ್ದರೂ ನಿಯಮಗಳು ಒಂದೇ ಅಲ್ಲ. ಟೆಕ್ಸಾಸಿನಲ್ಲಿ ಮನೆಶಾಲೆಯನ್ನು ದಾಖಲು ಮಾಡಿಸಬೇಕಾಗಿಲ್ಲ. ಓದು, ಅಕ್ಷರಜೋಡಣೆ, ವ್ಯಾಕರಣ, ಗಣಿತ, ಒಳ್ಳೇ ಪೌರತ್ವ ಇವುಗಳನ್ನು ಒಂದು ಪಾಠಕ್ರಮದಂತೆ ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ಪೆನ್ಸಿಲ್ವೇನಿಯದಲ್ಲಾದರೋ ಪ್ರತಿವರ್ಷ ಪ್ರಮಾಣಪತ್ರವನ್ನು ಕೊಡಬೇಕು, 180 ದಿವಸ ಇಲ್ಲವೆ ಕೆಳತರಗತಿಗಳಲ್ಲಿ 900 ತಾಸು ಕಲಿಸಬೇಕು, ಮಗುವಿನ ಬರಹಗಳನ್ನು ಕೂಡಿಸಿಟ್ಟು ಪರಿಶೀಲಕರಿಗೆ ತೋರಿಸಬೇಕು, 3, 5, 8ನೆಯ ತರಗತಿಗಳಲ್ಲಿ ಪರೀಕ್ಷೆ ಮಾಡಿಸಬೇಕು. ಇದನ್ನು ತಿಳಿಯದೆ ಪುಸ್ತಕಗಳನ್ನು ಕೊಳ್ಳುವದು ಹೊಲವನ್ನು ನೋಡದೆ ಬೀಜವನ್ನು ಕೊಂಡಂತೆ.

ಈಗ ಪಾಠಕ್ರಮಗಳಿಗೆ ಬರೋಣ. ಅವು ಬಹಳ. ಫ್ಲಾರಿಡಾದ ಪೆನ್ಸಕೋಲಾ ಊರಿನಿಂದ 1972ರಲ್ಲಿ ಹೊರಟ ಅಬೇಕಾ ಪುಸ್ತಕಗಳು ಹಳೇ ಶಾಲೆಯ ಕ್ರಮದವು: ಅಕ್ಷರಗಳ ಧ್ವನಿ, ಬಾಯಿಪಾಠ, ಮರುಪಾಠ, ಮೇಲಿಂದ ಮೇಲೆ ಪರೀಕ್ಷೆ. ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್ಲಿನಲ್ಲಿ 1973ರಲ್ಲಿ ಆರಂಭವಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯವು ಕಲಿಸುವವರಿಗೋಸ್ಕರ ದೊಡ್ಡ ಕೈಪಿಡಿಗಳನ್ನು ಕೊಡುತ್ತದೆ. 1970ರಲ್ಲಿ ಹುಟ್ಟಿದ ಎ.ಸಿ.ಇ. ಎಂಬ ಕ್ರಮದಲ್ಲಿ ಪ್ರತಿ ವಿಷಯಕ್ಕೆ ವರ್ಷಕ್ಕೆ 12 ಚಿಕ್ಕ ಪುಸ್ತಕಗಳಿರುತ್ತವೆ. ಮಗು ತಾನೇ ಓದಿ, ಖಾಲಿಸ್ಥಳ ತುಂಬಿ, ತಾನೇ ತಿದ್ದಿಕೊಂಡು ಮುಂದೆ ಹೋಗುವದು. 1990ರಲ್ಲಿ ಆರಂಭವಾದ ಸನ್‌ಲೈಟ್ ಎಂಬದು ಇದಕ್ಕೆ ತೀರ ವಿರೋಧವಾದದ್ದು. ಅಲ್ಲಿ ತಾಯಿಯಾಗಲಿ ತಂದೆಯಾಗಲಿ ಕಥೆ ಚರಿತ್ರೆಗಳ ಪುಸ್ತಕಗಳನ್ನು ದಿನಾಲು ಗಟ್ಟಿಯಾಗಿ ಓದಿಹೇಳಬೇಕು. ಇನ್ನು ಕೆಲವರು ಷಾರ್ಲಟ್ ಮೇಸನ್ (1842–1923) ಎಂಬ ಇಂಗ್ಲಿಷ್ ಉಪಾಧ್ಯಾಯಿನಿಯ ಕ್ರಮವನ್ನು ಅನುಸರಿಸುತ್ತಾರೆ. ಚಿಕ್ಕವರಿಗೆ ಪಾಠವು 20 ನಿಮಿಷಕ್ಕಿಂತ ಹೆಚ್ಚಾಗಬಾರದು, ಒಂದೇ ಸಾರಿ ಓದಿಹೇಳಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು ಎಂಬದು ಆಕೆಯ ಪದ್ಧತಿ. ನಮ್ಮ ಹಳ್ಳಿಯ ಮುದುಕಿಯರು ಕಥೆ ಹೇಳಿ, ಈಗ ನೀನು ಹೇಳು ಎನ್ನುತ್ತಿದ್ದದ್ದು ಇದೇ ಅಲ್ಲವೇ?

ಇವುಗಳಲ್ಲಿ ಯಾವದು ಉತ್ತಮವೆಂದು ಕೇಳುವವರಿಗೆ, ಕಲಿಸುವವರಾರು ಎಂದು ತಿರುಗಿ ಕೇಳುತ್ತೇವೆ. ಬಹುಮಟ್ಟಿಗೆ ಅದು ತಾಯಿಯ ಪಾಲಿಗೆ ಬರುವದು. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು, ತವರಿನಿಂದ ಸಾವಿರಾರು ಮೈಲು ದೂರದಲ್ಲಿ, ನೆರವಿಗೆ ಅತ್ತೆಯಾಗಲಿ ನಾದಿನಿಯಾಗಲಿ ಇಲ್ಲದೆ ಇರುವ ಹೆಂಗಸು ದಿವಸಕ್ಕೆ ಎರಡು ಮೂರು ತಾಸು ಗಟ್ಟಿಯಾಗಿ ಓದಬಲ್ಲಳೇ? ಬಲ್ಲವಳಾದರೆ ಸಂತೋಷ. ಇಲ್ಲವಾದರೆ ಆ ಪಾಠಕ್ರಮವು ಎಷ್ಟು ಹೊಗಳಲ್ಪಟ್ಟಿದ್ದರೂ ಮೂರು ತಿಂಗಳೊಳಗೆ ಕಪಾಟಿನಲ್ಲಿ ಧೂಳು ತಿನ್ನುವದು. ಆಕೆಯ ಮನಸ್ಸಿನಲ್ಲಿಯೋ ನಾನು ಅಯೋಗ್ಯಳೆಂಬ ಭಾರ ಉಳಿಯುವದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣಕ್ಕೆ ಮಾತ್ರವಲ್ಲ, ಶರೀರದ ಬಲಕ್ಕೂ ಸಲ್ಲುತ್ತದೆ. ತಂದೆಯಾದವನು ಸಾಯಂಕಾಲ ಅರ್ಧ ತಾಸು ಲೆಕ್ಕವನ್ನು ಹೇಳಿಕೊಡಲು ಒಪ್ಪಿಕೊಂಡ ಮೇಲೆಯೇ ಪುಸ್ತಕಗಳಿಗೆ ಹಣ ಕಳುಹಿಸಲಿ ಎಂಬದು ನಮ್ಮ ಅಭಿಪ್ರಾಯ.

ಎರಡನೆಯದಾಗಿ, ಮುಖಪುಟದ ಮೇಲಿರುವ ಕ್ರೈಸ್ತ ಎಂಬ ಹೆಸರನ್ನೇ ನಂಬಿ ಕೊಳ್ಳಬಾರದು. ಪಾಠದ ಅಂಚಿನಲ್ಲಿ ಒಂದು ವಚನವನ್ನು ಅಚ್ಚು ಮಾಡಿದ ಮಾತ್ರಕ್ಕೆ ಓದಲಿಕ್ಕೆ ಬರುವದಿಲ್ಲ. ನಮ್ಮ ಕನ್ನಡದಲ್ಲಿ ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಕಲಿತ ಮಗು ಹೆಚ್ಚುಕಡಿಮೆ ಯಾವ ಮಾತನ್ನಾದರೂ ಓದೀತು. ಇಂಗ್ಲಿಷಿನಲ್ಲಿ ಹಾಗಲ್ಲ, 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕಾಗಿವೆ, ಒಂದೇ ಅಕ್ಷರ ಒಂದೊಂದು ಕಡೆ ಒಂದೊಂದು ತರ ನುಡಿಯುವದು. ಆದಕಾರಣ ಧ್ವನಿಗಳನ್ನು ಕ್ರಮವಾಗಿ, ಒಂದನ್ನೂ ಬಿಡದೆ ಕಲಿಸುವ ಪುಸ್ತಕವೇ ಬೇಕು; ಚಿತ್ರ ನೋಡಿ ಮಾತನ್ನು ಊಹಿಸಿರಿ ಎನ್ನುವ ಪುಸ್ತಕವು ಯಾರದೇ ಆದರೂ ಬೇಡ. ಇದನ್ನು ಪರೀಕ್ಷಿಸುವದು ಸುಲಭ. ಚಿತ್ರವಿಲ್ಲದ ಹೊಸ ಮಾತುಗಳನ್ನು ಕಾಗದದ ಮೇಲೆ ಬರೆದು ಮಗುವಿನ ಮುಂದೆ ಇಡಿರಿ. ಎಂಟು ವರುಷದ ಮಗು ಮೊದಲ ಅಕ್ಷರವನ್ನು ನೋಡಿ ಬಾಯಿಗೆ ಬಂದದ್ದನ್ನು ಹೇಳಿದರೆ, ಅದನ್ನು ಸೋಮಾರಿ ಎನ್ನದೆ ಬಲ್ಲವರಿಗೆ ತೋರಿಸಬೇಕು. ಬುದ್ಧಿ ಚುರುಕಾಗಿದ್ದರೂ ಅಕ್ಷರ ಹತ್ತದ ಮಕ್ಕಳುಂಟು. ಅಂಥವರಿಗೆ ಬೇರೆ ಬೋಧನಾಕ್ರಮವಿದೆ. ಇದರಲ್ಲಿ ಒಂದು ವರ್ಷ ತಡಮಾಡುವದು ಮಗುವಿಗೆ ಬಹು ದೊಡ್ಡ ನಷ್ಟ.

ಲೆಕ್ಕದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಏಳೆಂಟಲ ಐವತ್ತಾರೆಂಬದು ಎಲ್ಲಾ ಮತದವರಿಗೂ ಒಂದೇ. ಒಳ್ಳೇ ಗಣಿತಪುಸ್ತಕವು ಯಾವ ಮುದ್ರಣಾಲಯದಿಂದ ಬಂದರೂ ಕೊಳ್ಳಬಹುದು. ಮಾರುವವರು ಕೊಡುವ ಮಟ್ಟಪರೀಕ್ಷೆಯನ್ನು ಮೊದಲು ಮಾಡಿಸಿರಿ. ಒಂದೇ ಮಗು ಓದಿನಲ್ಲಿ ಮೂರನೆಯ ತರಗತಿಯಲ್ಲಿಯೂ ಲೆಕ್ಕದಲ್ಲಿ ಒಂದನೆಯದರಲ್ಲಿಯೂ ಇರುವದು ಆಶ್ಚರ್ಯವಲ್ಲ.

ಚರಿತ್ರೆ ವಿಜ್ಞಾನಗಳಲ್ಲಿಯಾದರೋ ಎಚ್ಚರ ಬೇಕು. ಮೇಲೆ ಹೇಳಿದ ಅಬೇಕಾ, ಬಾಬ್ ಜೋನ್ಸ್, ಎ.ಸಿ.ಇ. ಪುಸ್ತಕಗಳು ಭೂಮಿಗೆ ಕೆಲವೇ ಸಾವಿರ ವರ್ಷಗಳಾದವೆಂದು ಬೋಧಿಸುತ್ತವೆ. ಭೂಶಾಸ್ತ್ರಜ್ಞರು ಕಂಡುಕೊಂಡದ್ದು ಸುಮಾರು 450 ಕೋಟಿ ವರ್ಷ. ಸೃಷ್ಟಿಕರ್ತನನ್ನು ನಂಬುವ ಅನೇಕ ಕ್ರೈಸ್ತರೂ ಇದನ್ನು ಒಪ್ಪುತ್ತಾರೆ. ಮಗು ಮುಂದೆ ಕಾಲೇಜಿನಲ್ಲಿ ಇದನ್ನು ಮೊದಲ ಸಾರಿ ಕೇಳಿ, ತಾಯಿತಂದೆಗಳು ನನಗೆ ಮರೆಮಾಡಿದರಲ್ಲಾ ಎಂದು ನಂಬಿಕೆಯನ್ನೇ ಸಂಶಯಿಸುವಂತಾಗಬಾರದು. ಇದು ಬರಿಯ ಭಯವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಇಂಥ ಪುಸ್ತಕಗಳಿಂದ ಕಲಿಸಿದ ಕೆಲವು ಮೇಲ್ತರಗತಿಯ ಪಾಠಗಳನ್ನು ಪ್ರವೇಶಕ್ಕೆ ಲೆಕ್ಕಕ್ಕೆ ಹಿಡಿಯದೆ ಹೋದದರಿಂದ 2005ರಲ್ಲಿ ಕ್ರೈಸ್ತ ಶಾಲೆಗಳ ಸಂಘವು ವ್ಯಾಜ್ಯ ಹೂಡಿತು; 2008ರಲ್ಲಿ ಅದು ಸೋತಿತು, 2010ರಲ್ಲಿ ಅಪೀಲಿನಲ್ಲಿಯೂ ಸೋತಿತು. ಹಾಗೆಯೇ ಚರಿತ್ರೆಯ ಪುಸ್ತಕವನ್ನು ತೆರೆದು, ನೀಗ್ರೋ ಜನರ ದಾಸತ್ವದ ವಿಷಯವೇನು ಬರೆದಿದೆ, ನಮ್ಮ ಇಂಡಿಯಾ ದೇಶದ ವಿಷಯವೇನು ಬರೆದಿದೆ, ಹಿಂದೂಗಳನ್ನೂ ರೋಮನ್ ಕ್ಯಾಥೊಲಿಕರನ್ನೂ ಯಾವ ಮಾತುಗಳಿಂದ ವರ್ಣಿಸಿದೆ ಎಂದು ಆ ಪುಟಗಳನ್ನೇ ಹುಡುಕಿ ಓದಿರಿ. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಇರುವ ನೆರೆಯವರ ಮುಂದೆ ಗಟ್ಟಿಯಾಗಿ ಓದಲು ನಾಚಿಕೆಯಾಗುವ ಪುಟವನ್ನು ಮಗುವಿಗೆ ಕಲಿಸುವದು ಹೇಗೆ? ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ಪಾಠಪುಸ್ತಕಗಳಿಗೂ ಇದೆ.

ಕಡೆಗೆ ಯಾವ ಪೆಟ್ಟಿಗೆಯಲ್ಲಿಯೂ ಬಾರದ ಒಂದು ವಿಷಯವುಂಟು, ಅದು ಕನ್ನಡ. ಸಂಸಾರವು ತಿರುಗಿ ಊರಿಗೆ ಬಂದರೆ, 2015ರ ಕನ್ನಡ ಭಾಷಾ ಕಲಿಕೆಯ ಕಾಯಿದೆಯಂತೆ ಕರ್ನಾಟಕದ ಶಾಲೆಗಳಲ್ಲಿ ಮಗು ಕನ್ನಡವನ್ನು ಕಲಿಯಬೇಕಾಗುವದು. ಬಾರದಿದ್ದರೂ ಅಜ್ಜಿಯ ಕಾಗದವನ್ನು ಓದಲಾರದ ಮೊಮ್ಮಗ ಯಾರಿಗೆ ಬೇಕು? ಮನೆಯಲ್ಲಿ ಕಲಿಸುವವರಿಗೆ ಇರುವ ದೊಡ್ಡ ಅನುಕೂಲವೇ ಇದು: ಗಂಟೆ ಬಾರಿಸುವವರಿಲ್ಲ, ಹೊತ್ತು ಅವರದೇ. ದಿವಸಕ್ಕೆ 15 ನಿಮಿಷ ಕಾಗುಣಿತ, ಆ ಮೇಲೆ ಕನ್ನಡ ಸತ್ಯವೇದದಿಂದ ಮಾರ್ಕನ ಸುವಾರ್ತೆಯಲ್ಲಿ ನಾಲ್ಕೈದು ವಚನ; ಮಾರ್ಕನ ವಾಕ್ಯಗಳು ಚಿಕ್ಕವು, ಮಕ್ಕಳಿಗೆ ಸುಲಭ. ಮೊದಲನೆಯ ವರ್ಷಕ್ಕೆ ಓದಿಗೆ ಒಂದು, ಲೆಕ್ಕಕ್ಕೆ ಒಂದು ಪುಸ್ತಕವನ್ನು ಮಾತ್ರ ಕೊಂಡು, ಆರು ವಾರ ನಡಿಸಿ ನೋಡಿದ ಬಳಿಕ ಉಳಿದವುಗಳಿಗೆ ಬರೆಯಬಹುದು. ಹಳೇ ಪುಸ್ತಕಗಳು ಅಲ್ಲಿಯ ಸಭೆಗಳ ಮಾರಾಟಗಳಲ್ಲಿ ಕಡಿಮೆ ಕ್ರಯಕ್ಕೆ ಸಿಕ್ಕುವದುಂಟು. ಹಾಗೆ ಕೊಳ್ಳುವಾಗ ಉತ್ತರಗಳ ಪುಸ್ತಕವೂ ಜೊತೆಯಲ್ಲಿದೆಯೋ ಎಂದು ನೋಡಿಕೊಳ್ಳಿರಿ.